ನಲವತ್ತಾರು ಮಿಲಿಮೀಟರ್

ಹೊಸೂರು, ಬಾಗಲೂರು ರಸ್ತೆ. ತಗಡಿನ ಶೆಡ್ಡು ನನ್ನದು.
ಬೋರ್ಡು ತಮಿಳಿನಲ್ಲಿ, ಚೌಕಾಸಿ ತೆಲುಗಿನಲ್ಲಿ,
ಜಾರಿದ ಸ್ಪ್ಯಾನರಿಗೆ ಬೈಯುವುದು ಮಾತ್ರ ಕನ್ನಡದಲ್ಲಿ.
ಹತ್ತೊಂಬತ್ತು ವರ್ಷದಿಂದ ಇದೇ ಕಸುಬು:
ಟರ್ಬೊ ಬಿಚ್ಚು, ಮಸಿ ಕೆರೆ,
ನಿಮಿಷಕ್ಕೆ ಲಕ್ಷ ಸುತ್ತು ಹಾಕುವ ಚಕ್ರದ ಬೆನ್ನಿಂದ
ಸಾಸಿವೆ ಸಿಪ್ಪೆಯಷ್ಟು ಲೋಹ ಉಜ್ಜಿ
ತೂಕ ಸಮ ಮಾಡು.

ಕದಿರೇಶ ಬಂದ, ಸಿಪ್ಕಾಟಿನ ಮೊದಲ ಶಿಫ್ಟು ಮುಗಿಸಿ.
ಹದಿನೆಂಟುನೂರು ಸಿಸಿ ಗಾಡಿ, ಮೂರನೆಯ ಕೈ,
ಬಂಪರಿನ ಹಿಂದೆ ಹೊಸ ಇಂಟರ್‌ಕೂಲರು, ಫಳಫಳ.
ಎದೆಗವಚಿದ್ದ ರಟ್ಟಿನ ಡಬ್ಬದಲ್ಲಿ
ಅರವತ್ತೆರಡು ಮಿಲಿಮೀಟರಿನ ಟರ್ಬೊ,
ಬಸವನಹುಳುವಿನ ಚಿಪ್ಪು, ಆದರೆ
ಆನೆಗೆ ಹೊಲಿಸಿದ್ದು.
"ನಾಲ್ಕುನೂರು ಕುದುರೆ ಅಕ್ಕಾ," ಅಂದ.
"ಕುದುರೆ ಇರಲಿ, ಲಾಯ ಎಲ್ಲಿ?" ಅಂದೆ.

ಕೆಲಮಂಗಲದ ನಮ್ಮಜ್ಜಿಯ ಊದುಗೊಳವೆಗೆ
ಬೆರಳು ತೂರುವಷ್ಟೇ ತೂತು.
ಚರಂಡಿ ಪೈಪು ಹಿಡಿದು ಊದಿದ್ದರೆ
ಬೂದಿಯೂ ಏಳುತ್ತಿರಲಿಲ್ಲ.
ಹೇಳಿದೆ. ನಗಲಿಲ್ಲ ಅವನು.
ಗೆಳೆಯನ ಗಾಡಿಗೆ ಅರವತ್ತು ಇದೆಯಂತೆ.

ವಾದ ಬೇಡವೆಂದು ಹಾಲಿನ ಲೆಕ್ಕದ ಪುಸ್ತಕ ಕೊಟ್ಟೆ.
"ಏಳು ದಿನ ಓಡಿಸು. ಇನ್ನೂ ಬೇಕು ಅಂತ ಕಾಲು ಒತ್ತಿದಾಗೆಲ್ಲ
ಮುಳ್ಳು ಎಲ್ಲಿತ್ತು, ಬರಿ.
ಸುಳ್ಳು ಬರೀಬ್ಯಾಡ, ಇಂಜಿನ್ನಿಗೆ ಗೊತ್ತಾಗ್ತದೆ."

ತಮಿಳಕ್ಷರದಲ್ಲಿ ತಂದ. ಕೂಡಿಸಿ ಕೂಡಿಸಿ ಓದಿದೆ:
ಸೋಮವಾರ, ಟೊಮ್ಯಾಟೊ ಲಾರಿ, ೨೭೦೦.
ಅದೇ ಲಾರಿ, ೨೯೦೦.
ಮಂಗಳವಾರ, ರಾಯಕೋಟೆ ಏರು, ಮೂರನೇ ಗೇರು, ೩೧೦೦.
ಹಿಂದೆ ಅಮ್ಮ ಇದ್ದಳು, ಬೈದಳು.
ಬುಧವಾರ, ಗುಲಾಬಿ ವ್ಯಾನು ನನ್ನನ್ನು ದಾಟಿತು, ೨೬೦೦, ಅವಮಾನ.
ಗುರುವಾರ ಮಳೆ. ಏನೂ ಬೇಕನಿಸಲಿಲ್ಲ.

ಒಟ್ಟು ನಲವತ್ತೊಂದು ಆಸೆ.
ಮೂವತ್ತೊಂಬತ್ತು, ಮೂರೂವರೆ ಸಾವಿರದ ಕೆಳಗೆ.
ಉಳಿದೆರಡು ಶನಿವಾರ ರಾತ್ರಿ, ಕೃಷ್ಣಗಿರಿ ಹೈವೇ:
೫೮೦೦. ೬೧೦೦.
ಎದುರಿಗೆ ಬರೆದಿದ್ದ: ಯಾರೂ ಇರಲಿಲ್ಲ.

ಅವನ ಟರ್ಬೊದ ನಕ್ಷೆ ಬಿಡಿಸಿ ಹಾಸಿದೆ.
ಅಡ್ಡಕ್ಕೆ ಗಾಳಿ, ಮೇಲಕ್ಕೆ ಒತ್ತಡ,
ನಡುವೆ ಹೆಬ್ಬೆಟ್ಟಿನ ಗುರುತಿನಂಥ ಸುತ್ತುಗೆರೆ.
ಎಡಕ್ಕೊಂದು ಗಡಿ. ದಾಟಿದರೆ ಗಾಳಿ ಹಿಂದಕ್ಕೆ ಹೊಡೆಯುತ್ತದೆ,
ಕೊಳವೆಯಲ್ಲಿ ಸಿಕ್ಕ ಪಾರಿವಾಳದಂತೆ ಫಡಫಡ ಬಡಿದು
ಬೇರಿಂಗು ಸಾಯುತ್ತದೆ.
ಅತ್ತಿಬೆಲೆಯ ಗಡಿ ದಿನಕ್ಕೆ ನಾಲ್ಕು ಸಲ ದಾಟುವವರು ನಾವು.
ಈ ಗಡಿಗೆ ಪರ್ಮಿಟ್ಟಿಲ್ಲ.

ಅವನು ಬೇಡಿದ ಒತ್ತಡಕ್ಕೆ ಕೆಂಪು ಪೆನ್ಸಿಲಿನಲ್ಲಿ ಚುಕ್ಕೆ ಇಟ್ಟೆ.
ಮೂವತ್ತೊಂಬತ್ತೂ ಗಡಿಯಾಚೆ, ಇರುವೆ ಸಾಲು.
ಎರಡು ಮಾತ್ರ ನಟ್ಟನಡುವೆ
ತಮ್ಮದೇ ಮನೆಯಲ್ಲಿ ಕೂತಂತೆ.
ಅವನು ಹೆಬ್ಬೆರಳಿನಿಂದ ಆ ಎರಡನ್ನೇ ಸವರಿದ.
ಸುಮ್ಮನಾದೆ.
ಮೂವತ್ತೊಂಬತ್ತಕ್ಕೆ ಅಳತೆ ಹೇಳಬಲ್ಲೆ.
ಆ ಎರಡಕ್ಕೆ ಏನು ಹೇಳಲಿ?

"ನಲವತ್ತಾರರದು ಇದೆ," ಅಂದೆ ಕೊನೆಗೆ,
"ಎರಡೂವರೆ ಸಾವಿರಕ್ಕೇ ಎದ್ದು ಕೂರ್ತದೆ.
ಐದೂವರೆ ದಾಟಿದರೆ ಉಸಿರು ಕಟ್ತದೆ."
"ಕಟ್ಟಲಿ," ಅಂದ. ತುಸು ಬೇಗನೇ ಅಂದ.

ಭಾನುವಾರ ಕೂಡಿಸಿ, ಏರಿಗೆ ಒಯ್ದೆವು.
ಎದುರಿಗೆ ಲಾರಿ, ಟೊಮ್ಯಾಟೊದ್ದೇ.
ಕಾಲು ಒತ್ತಿದ. ಒಂದು ಅನ್ನುವಷ್ಟರಲ್ಲಿ
ಲಾರಿ ಕನ್ನಡಿಯೊಳಗಿತ್ತು.
ಅವನು ಕೂಗಿದ್ದು ಯಾವ ಭಾಷೆಯೂ ಅಲ್ಲ.

ಶೆಡ್ಡಿಗೆ ಬಂದು ಕೀಲಿಗೆ ಕೈ ಹಾಕಿದ. ತಡೆದೆ.
"ಒಂದು ನಿಮಿಷ ಬಿಡು. ಒಳಗೆ ಇನ್ನೂ ಕೆಂಡ.
ಎಣ್ಣೆ ಹರೀಲಿ."
ಕೂತೆವು. ಬಾನೆಟ್ಟು ಟಿಕ್ ಟಿಕ್ ಅನ್ನುತ್ತಿತ್ತು.

ದೊಡ್ಡದು ಈಗಲೂ ನನ್ನ ಹಲಗೆಯ ಮೇಲೆ,
ಹಳೇ ಪೇಪರು ಸುತ್ತಿಕೊಂಡು.
ಮೂವರು ಕೇಳಿದರು. ಮಾರುವುದಿಲ್ಲವಂತೆ.
ಶನಿವಾರ ಸಂಜೆ ಆಯಿಲ್ ನೆಪದಲ್ಲಿ ಬರುತ್ತಾನೆ,
ಪೇಪರು ಸರಿಸುತ್ತಾನೆ,
ಹೊರಡುವ ಮುಂಚೆ ಅದರ ಬಾಯಿಗೆ
ಒಮ್ಮೆ ಊದುತ್ತಾನೆ.

ಚಕ್ರ ಅರೆಸುತ್ತು ತಿರುಗುತ್ತದೆ.