ಕೆಂಪು ಬಿಚ್ಚಿದ್ದು

ಬೆಂಗೇರಿಯೊಳಗ ಹಗಲೆಲ್ಲಾ ಬಾವುಟ ಹೊಲೀತೀನಿ,
ಒಂದ ಎಳಿ ಹೆಚ್ಚುಕಡಿಮಿ ಆದ್ರೂ ವಾಪಸ್ ಬರತೈತಿ.
ರಾತ್ರಿ ಮನ್ಯಾಗ ಜಂಪರು, ಫಾಲ್ಸು, ಪಿಕೋ.

ಮ್ಯಾಲಿನ ಖೋಲಿಯ ವರ್ವಾರಾ,
ಓಣಿಗೆಲ್ಲಾ ವಾರವ್ವ,
ತನ್ನ ದೇಶದ್ದು ತಂದ್ಲು: ಬಿಳಿ, ನೀಲಿ, ಕೆಂಪು.
"ಅಕ್ಕಾ, ಕೆಂಪು ಬಿಚ್ರಿ. ಬಿಳೀದು ಹಚ್ರಿ."

ಯಾಕಂತ ಕೇಳಲಿಲ್ಲ. ಅಳತಿ ಕೇಳಿದೆ.

ಬ್ಲೇಡ್ ತಾಗಿದಂಗ ಹೊಲಿಗಿ ಒಂದೊಂದ ಬಿಡತಿತ್ತು.
ಅಕಿ ಫೋನಿನ್ಯಾಗ ಅವ್ವನ ಕೂಡ ಮಾತಾಡತಿದ್ಲು,
ಜೋಳ ಬೀಸಿದಂಗ ಆ ಭಾಷಾ.
ನಡುವ ನಮ್ಮದೊಂದ ಶಬ್ದ ಬಿತ್ತು:
ಯುದ್ಧ.

"ಅಲ್ಲಿ ಆ ಮಾತ ಆಡಿದ್ರ ಜೇಲು.
ನಿಮ್ಮ ಭಾಷಾದಾಗ ಅಂದ್ರ ಯಾರಿಗೂ ತಿಳಿಯಂಗಿಲ್ಲ."
ಮತ್ತ ಅವ್ವಗ?
"ಅವ್ವ ಕಲತಾಳ.
ಇದೊಂದ."

ಬಿಳಿ ಹಚ್ಚಿ ಇಸ್ತ್ರಿ ಹೊಡದೆ.
ನೀಲಿ ಅಂಚಿಗೆ ಹಳೇ ಸೂಜಿತೂತು
ಸಾಲಾಗಿ ಹಂಗ ಉಳದಾವು, ಎಷ್ಟ ತಿಕ್ಕಿದ್ರೂ.
ಅರವತ್ತ ಅಂದ್ರ ನಲವತ್ತ ಕೊಟ್ಲು,
ಥೇಟ್ ನಮ್ಮ ಓಣಿಯಾಕಿ.

ಕೆಂಪು ಪಟ್ಟಿ ಸುತ್ತಿ ಕೊಟ್ರ ಒಲ್ಲೆ ಅಂದ್ಲು.
ಚೆಲ್ಲಂತನೂ ಅನಲಿಲ್ಲ.

ಗುಂಡಿ ಡಬ್ಬ್ಯಾಗ ಐತಿ.