ಮೂರನೇ ನಂಬರ್ ಗಾಡಿ

ಸೋಮವಾರ. ಸ್ಕಂದಗಿರಿಗೆ ಇನ್ನೂ ಮಂಜಿನ ಮುಸುಕು.
ಕಳವಾರದ ದಾರಿಯ ತಗಡಿನ ಶೆಡ್ಡಿನೊಳಗೆ
ಆರು ಗಾಡಿಗಳು, ಒಂದೊಂದಕ್ಕೂ ನಾಲ್ಕು ದಪ್ಪ ಚಕ್ರ,
ಭಾನುವಾರದ ಕೆಮ್ಮಣ್ಣು ಮೆತ್ತಿಕೊಂಡು
ಕೆರೆಯಿಂದೆದ್ದ ಎಮ್ಮೆಗಳ ಹಾಗೆ ನಿಂತಿವೆ.

"ಈಗಲೇ ನೀರು ಹೊಡೀಬೇಡ," ಅಂದರು ಅಮೀರ್‌ಜಾನ್ ಸಾಬರು.
"ಮೊದಲು ನೋಡು. ಮಣ್ಣು ಎಲ್ಲಿ ಒದ್ದೆಯೋ
ಅಲ್ಲಿ ಎಣ್ಣೆ ಸೋರಿರುತ್ತೆ. ತೊಳೆದುಬಿಟ್ಟರೆ
ಗಾಡಿ ಸುಳ್ಳು ಹೇಳೋಕೆ ಕಲಿಯುತ್ತೆ."

ನಾನಿಲ್ಲಿಗೆ ಬಂದು ಎಂಟು ತಿಂಗಳು.
ಅದಕ್ಕೂ ಮುಂಚೆ ಶಿಡ್ಲಘಟ್ಟದಲ್ಲಿ, ಚಿಕ್ಕಮ್ಮನ ರೀಲಿಂಗ್ ಮನೆಯಲ್ಲಿ,
ಬಿಸಿನೀರಿಗೆ ಕೈಹಾಕಿ ಗೂಡಿನ ಎಳೆ ಹುಡುಕುತ್ತಿದ್ದೆ.
ಬೆರಳ ತುದಿಗಳು ಆಗಲೇ ಬೆಂದುಹೋಗಿದ್ದವು.
ಈಗ ಸೈಲೆನ್ಸರ್ ತಾಗಿದರೂ
ಹೂಂ, ಗೊತ್ತು, ಅನ್ನುತ್ತವೆ, ಅಷ್ಟೇ.

ಸೀಟೆತ್ತಿ ಫಿಲ್ಟರ್ ತೆಗೆದೆ.
ಸ್ಪಂಜಿನ ಹೊಟ್ಟೆಯಲ್ಲಿ ಒಂದು ಬೊಗಸೆ ಬೆಟ್ಟ.
ಸೀಮೆಎಣ್ಣೆಯಲ್ಲೊಮ್ಮೆ, ಸೋಪಿನ ನೀರಲ್ಲೊಮ್ಮೆ.
ಹಿಂಡಬಾರದು, ಅದುಮಬೇಕು:
ಹಿಂಡಿದರೆ ಹರಿಯುತ್ತೆ, ಅದುಮಿದರೆ ಬಿಡುತ್ತೆ.
(ಇದನ್ನು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.)
ನೆರಳಲ್ಲಿ ಒಣಗಿದ ಮೇಲೆ ಹೊಸ ಎಣ್ಣೆ ಕುಡಿಸಬೇಕು.
ಒಣ ಸ್ಪಂಜು ಧೂಳನ್ನು ತಡೆಯುವುದಿಲ್ಲ,
ಬನ್ನಿ ಬನ್ನಿ ಅಂತ ಒಳಗೆ ಕರೆಯುತ್ತೆ.

ಚಕ್ರಕ್ಕೆ ಗಾಳಿ ಐದೇ ಪೌಂಡು.
ಹೋದ ವರ್ಷ ಯಾರೋ ಬಂಕಿನಲ್ಲಿ ಲಾರಿಗೆ ತುಂಬಿದ ಹಾಗೆ ತುಂಬಿಸಿ
ಗಾಡಿ ಕಪ್ಪೆಯಂತೆ ನೆಗೆದು ನೆಗೆದು
ಹೂಕೋಸಿನ ತೋಟದಲ್ಲಿ ಇಳಿದಿತ್ತಂತೆ.
ಸಾಬರು ಈ ಕತೆ ಹೇಳುವಾಗಲೆಲ್ಲ
ಹೂಕೋಸಿನ ಸಾಲು ಒಂದೊಂದು ಹೆಚ್ಚಾಗುತ್ತೆ.

ಮೂರನೇ ನಂಬರಿನ ಕೆಳಗೆ ಮಲಗಿ ಟಾರ್ಚ್ ಬಿಟ್ಟೆ.
ಹಿಂದಿನ ಎಡಗಡೆ, ಆಕ್ಸಲ್ಲಿಗೆ ಸುತ್ತಿಕೊಂಡು
ತಿಳಿನೀಲಿ ದುಪಟ್ಟಾ, ಗೇಣಗಲದ ಹರಕು,
ಬಿಗಿದು ಬಿಗಿದು ಹಗ್ಗವಾಗಿತ್ತು.
ಸಾಬರು ಬ್ಲೇಡು ಚಾಚಿದರು. ಬೇಡ, ಅಂದೆ,
ಅದು ಬಟ್ಟೆಗೂ ತಾಗುತ್ತೆ, ರಬ್ಬರಿಗೂ ತಾಗುತ್ತೆ.

ತುದಿ ಎಲ್ಲಿದೆ ಅಂತ ಬೆರಳಿಗೇ ಕೇಳಿದೆ.
ಸಿಕ್ಕಿತು. ಎಳೆಯಲಿಲ್ಲ, ಕರೆದೆ.
ಚಕ್ರವನ್ನು ಹಿಂದಕ್ಕೆ ತಿರುಗಿಸುತ್ತಾ
ಸುತ್ತು ಬಿಚ್ಚಿ ಸುತ್ತು ಬಿಚ್ಚಿ
ನೀಲಿಯೆಲ್ಲ ನನ್ನ ಮಡಿಲಿಗೆ ಬಂತು.

ಅದರಡಿಯಲ್ಲಿ, ಮಡಿಕೆ ಮಡಿಕೆಯ ರಬ್ಬರ್ ಬೂಟಿನಲ್ಲಿ
ಉಗುರಿನಷ್ಟು ಸೀಳು.
ಗ್ರೀಸ್ ಹೊರಗೆ ಬಂದಿತ್ತು, ಮರಳು ಒಳಗೆ ಹೋಗಿತ್ತು.
ಚಕ್ರ ತಿರುಗಿಸಿದರೆ ಹಲ್ಲಿನಲ್ಲಿ ಕಲ್ಲು ಸಿಕ್ಕ ಸದ್ದು.

ಬುಕ್ಕಿನಲ್ಲಿ ನೋಡಿದೆ:
ಮೂರನೇ ನಂಬರ್, ಇಬ್ಬರು, ಹದಿನೈದು ನಿಮಿಷ, ಪೂರ್ತಿ ಹಣ ಸಂದಾಯ.
ದುಪಟ್ಟಾದ ಬಗ್ಗೆ ಏನೂ ಇಲ್ಲ.
ಕತ್ತಿನ ಬಗ್ಗೆಯೂ.
ನಕ್ಕೊಂಡೇ ಹೋಗಿರಬೇಕು, ಪಾಪ,
ಬೋಂಡಾ ತಿಂದು, ಫೋಟೋ ತೆಗೆಸಿಕೊಂಡು.

ಹತ್ತು ಗಂಟೆಗೆ ಓನರ್ ಪಿಳ್ಳಾಂಜಿನಪ್ಪ ಬಂದರು.
"ಬುಧವಾರ ಕಾಲೇಜಿನೋರು, ನಲವತ್ತು ಜನ.
ಒಂದಿಷ್ಟು ಗ್ರೀಸ್ ಮೆತ್ತಿ, ಟೇಪು ಸುತ್ತಿ ಓಡಿಸ್ರಪ್ಪ."
ಸಾಬರು ಬನ್ನನ್ನು ಚಹಾದಲ್ಲಿ ಅದ್ದಿ
ಅದು ಮುರಿದು ಬೀಳುವ ತನಕ ನೋಡುತ್ತಾ ಕೂತರು.
ಆಮೇಲೆ ಬೀಗದ ಕೈ ನನ್ನ ಕಡೆ ಎಸೆದರು.
"ಮೂರನೇದು ಅವಳದು. ಅವಳನ್ನ ಕೇಳಿ."

ರೀಲಿಂಗ್ ಮನೆಯಲ್ಲಿ ಆರು ವರ್ಷ
ಸಂಬಳ ಕೊಡುವವರಿಗೆ ನಾನು ಹೇಳಿದ್ದು ಆಯ್ತು, ಆಯ್ತಣ್ಣ, ಆಗಲಿ.
ಬಾಯಿಗೆ ಬೇರೆ ಮಾತಿನ ರುಚಿ ಗೊತ್ತಿರಲಿಲ್ಲ.

"ಬೂಟು ಬರಲಿ," ಅಂದೆ.
ದನಿ ಸಣ್ಣಗೇ ಇತ್ತು, ನಡುಗಿತ್ತೂ.
ಕೈ ಮಾತ್ರ ಬೀಗದ ಕೈಯನ್ನು ಬಿಡಲಿಲ್ಲ.

ಅವರು ಏನೋ ಗೊಣಗಿ, ಬೈಯೋಕೆ ಬಾಯಿ ತೆರೆದು,
ಫೋನು ಬಂತು, ಆಚೆ ಹೋದರು.
ಸೋತರೋ ಮರೆತರೋ, ಇನ್ನೂ ಗೊತ್ತಿಲ್ಲ.

ನೀಲಿ ಹರಕನ್ನು ಹ್ಯಾಂಡಲ್ಲಿಗೆ ಕಟ್ಟಿದೆ,
ಓಡಿಸಬಾರದು ಅನ್ನೋ ಗುರುತಿಗೆ.

ಇನ್ನು ನಾಲ್ಕನೇದು, ಮಕ್ಕಳ ಗಾಡಿ, ಚೈನಿನದು.
ಚೈನು ಹೆಬ್ಬೆರಳಷ್ಟು ಜೋಲಬೇಕು.
ಪೂರ್ತಿ ಬಿಗಿದರೆ ಕಡಿಯುತ್ತೆ, ಪೂರ್ತಿ ಬಿಟ್ಟರೆ ಕಳಚುತ್ತೆ.
ಸಾಬರೇ, ಹದಿನಾಲ್ಕರ ಸ್ಪ್ಯಾನರ್ ಎಲ್ಲಿಟ್ಟಿರಿ?