ಒಂದ ರಿಂಗು

ನರಗುಂದ ಬಸ್‌ಸ್ಟ್ಯಾಂಡಿನ ವಿಚಾರಣೆ ಕಿಟಕಿಯೊಳಗ
ಕೂತಾಂವ ನಾನು. ಮುಂಜಾನಿಂದ ಒಂದ ಮಾತು:
ಕೊಣ್ಣೂರ ಕಡೆ ಬಸ್ಸಿಲ್ಲ.
ಸೇತುವಿ ಮ್ಯಾಲ ನೀರೈತಿ, ಬಸ್ಸಿಲ್ಲ.
ಯಾವಾಗ ಬಿಡ್ತೀರಿ ಅಂದ್ರ
ಹೊಳೀನ ಕೇಳ್ರಿ ಅಂತ ಬಾಯಿತನಕ ಬಂದದ್ದು ನುಂಗಿ
ಸಂಜೀಕ ನೋಡೋಣ್ರಿ ಅಂತೀನಿ.

ನವಿಲುತೀರ್ಥದ ಗೇಟು ತಗದಾರಂತ.
ಎಷ್ಟು ಕ್ಯೂಸೆಕ್ಸು ಅಂತ ಟೀವಿಯಾಂವ ಒದರತಾನ.
ನನಗ ತಿಳಿಯೂ ಲೆಕ್ಕ ಬ್ಯಾರೆ:
ಲಖಮಾಪುರದಾಗ ಅಕ್ಕನ ಮನಿ ಮುಂದ ಮೂರು ಪಾವಟಗಿ.
ನಿನ್ನಿ ರಾತ್ರಿ ಎಂಟಕ್ಕ ಒಂದು ಕಾಣತಿತ್ತಂತ.

ಅರಳಿ ಅಟ್ಟಕ್ಕ ಏರಿಸೀವಿ ಅಂದ್ಲು ರಾಜಂಬಿ ಅಕ್ಕ.
ಮಾವ ಗಾದಿ ಹೊಲಿಯಾಂವ.
ಒಣಗಿದ್ರ ಅರಳಿ ಎತ್ತಿಕೊಂಡ ಕೂಸಿನಂಗ,
ತೊಯ್ತಂದ್ರ ಹೆಣದಂಗ, ನಾಕ ಮಂದಿ ಬೇಕು ಅಂತ
ನಗಾಕ ಹೋಗಿ ಸುಮ್ಮನಾದ್ಲು.
ಆಮ್ಯಾಲ, ನಿಂದು ಊಟಾತೇನು?

ಹಿಂದಿನ ಸಲ ಹೊಳಿ ಬಂದಾಗ ಮಾಡಿದ ಕರಾರು ನಮ್ಮದು.
ಕರೆಂಟ್ ಹೋಗಿರತೈತಿ, ಚಾರ್ಜು ಉಳಿಸಬೇಕು, ಮಾತು ಬ್ಯಾಡ.
ಒಂದ ರಿಂಗು ಅಂದ್ರ, ಅದೀವಿ.
ಎರಡು ಅಂದ್ರ, ದೋಣಿಯವರಿಗೆ ಹೇಳು.
ಮೂರಕ್ಕ ಏನಂತ
ನಾವು ಮಾತಾಡಲಿಲ್ಲ.

ನಿನ್ನಿ ಹತ್ತಕ್ಕ ಒಂದು ಬಂತು. ಆಮ್ಯಾಲಿಲ್ಲ.

ಊರ ಮಂದಿಯೆಲ್ಲಾ ಫೋನ್ ಮಾಡೂದು ಈಗ ನನಗ.
ಹುಬ್ಬಳ್ಳಿಯಿಂದ ಸಾದಿಕ, ಗದಗಿನಿಂದ ಚಿಕ್ಕವ್ವ,
ಎಂದೂ ಮಾಡಲಾರದ ಬೀಗರು.
ಪ್ರತಿ ಸಲ ಕಿಸೆ ನಡುಗತೈತಿ, ಎಣಿಸಾಕ ಹತ್ತತೀನಿ,
ಒಂದು, ಎರಡು, ಮೂರು, ನಾಕು,
ಏನರ ಸುದ್ದಿ ತಿಳೀತೇನು?
ಲೈನ್ ಬಿಡೋ ಮಾರಾಯ ಅಂತ ಸಾದಿಕಗ ಬೈದೆ.
ಅಂವ ಅಳಾಕ ಹತ್ತಿದ. ಅವನಿಗೂ ಅಕ್ಕನ ಆಕಿ.

ಯಾರೋ ಒಂದು ವೀಡಿಯೊ ಕಳಿಸ್ಯಾರ.
ಕೆಂಪನ ನೀರಾಗ ಬಣವಿ, ಕೊಡ, ಹಿಂದಿಂದ ಒಂದು ಗಾದಿ.
ಮಾವನ ಹೊಲಿಗಿ ಅಂಚಿನ್ಯಾಗ ಎರಡೆಳಿ ಇರತೈತಿ.
ನಿಲ್ಲಿಸಿ, ಬೆರಳಿಲೆ ಹಿಗ್ಗಿಸಿ, ಇನ್ನೂ ಹಿಗ್ಗಿಸಿ ನೋಡಿದೆ.
ಗಾದಿ ಹೋಗಿ ಬಣ್ಣದ ಚೌಕಳಿ ಉಳದ್ವು.
ಅವುಕ್ಕ ಹೊಲಿಗಿ ಇಲ್ಲ.

ಬಂದ ಮಂದಿಗೆ ನಾ ಬರೇ ಬಾಯಿ.
ಕೊಲ್ಲಾಪುರಕ್ಕ ಹೋಗಾಂವ ಸಿಟ್ಟಿಲೆ ರೊಕ್ಕ ವಾಪಸ್ ಕೇಳಿದ.
ನೀರು ನೋಡಾಕ ಹೊಂಟ ಹುಡುಗೂರು
ಸೇತುವಿ ತನಕರ ಬಿಡ್ರಿ ಅಂದ್ವು.
ಒಬ್ಬಾಕಿ ಮುದುಕಿ, ಕೈಯಾಗ ಕಡಕ ರೊಟ್ಟಿ ಗಂಟು,
ಮಗಳ ಊರಿನ ಬಸ್ಸು ಐದು ಸಲ ಕೇಳಿದ್ಲು.
ಐದನೇದಕ್ಕ ನನ್ನ ಮಾರಿ ನೋಡಿ
ನಿಮ್ಮವರು ಅದಾರೇನ್ರಿ ಆ ಕಡೆ, ಅಂದ್ಲು.

ಇಲ್ಲ ಅಂದೆ.
ಅದಾರ ಅಂದಿದ್ರ
ಕಿಟಕಿ ಹೊರಗ, ಆಕಿ ಬೆನ್ನಿಗೆ
ನಾನೂ ನಿಂದ್ರಬೇಕಾಗತಿತ್ತು.
ಆಮ್ಯಾಲ ಒಳಗ ಕೂತು ಹೇಳಾವ್ರು ಯಾರು?

ನಾಕೂ ಇಪ್ಪತ್ತಕ್ಕ ಕಿಸೆ ನಡುಗಿತು.
ಒಂದು.
ಮೈಕು ಕೈಯಾಗ, ಬಾಯಾಗ ಬಾದಾಮಿ ಅನ್ನೂದು ಅರ್ಧ.
ಎರಡನೇದು ಬರಲಿಲ್ಲ.
ತಗದು ನೋಡಿದ್ರ ಗುರತಿಲ್ಲದ ನಂಬರು.
ದೋಣ್ಯಾಗಿನ ಯಾರದೋ ಫೋನು ಇಸಗೊಂಡಿರಬೇಕು.
ಇಲ್ಲಾ, ಸಾಲ ಕೊಡತೀವಿ ಅನ್ನೂ ಮಂದಿ ಇರಬೇಕು.
ತಿರುಗಿ ಹಚ್ಚಿದ್ರ ಅಲ್ಲಿ ಉಳಿದಷ್ಟು ಚಾರ್ಜು ಹೋಗತೈತಿ,
ಹಚ್ಚಲಿಲ್ಲ ಅಂದ್ರ ನನ್ನದು.

ಮೈಕಿನ್ಯಾಗ ನನ್ನ ಉಸರು ಸ್ಟ್ಯಾಂಡ್ ತುಂಬ ಕೇಳಿಸಿತು.
ಮುದುಕಿ ಎದ್ದು ಬಂದು
ಗಂಟು ಬಿಚ್ಚಿ ಎರಡು ರೊಟ್ಟಿ ಕಿಟಕಿಯೊಳಗ ಸರಿಸಿದ್ಲು.
ಇಲ್ಲ ಅಂದಿಯಲ್ಲೋ ತಮ್ಮಾ, ಅಂದ್ಲು.
ಅಷ್ಟ.

ರೊಟ್ಟಿ ಮುರದ್ರ ಸಪ್ಪಳಾಗತೈತಿ ಅಂತ
ನೆನಸದ ಹಂಗ ಬಾಯಾಗಿಟ್ಟುಕೊಂಡು
ಕೂತೀನಿ, ಎರಡನೇದು
ಬರಬಾರದು ಅಂತ ಕಾಯ್ಕೊಂತ.